ಯಾವ ರೆಸ್ಯೂಮೆ ಸ್ವಾಮಿ?

ಕಳೆದ ವಾರ ಒಂದು ಕೆಲಸಕ್ಕೆ ರೆಸ್ಯೂಮೆ ಕಳಿಸಿದೆ. ನನ್ನ ಓದು, ಅನುಭವದ ವಿವರ ಒಂದೇ ಪುಟದಲ್ಲಿ, ಎರಡು ರಾತ್ರಿ ಕೂತು ತಿದ್ದಿದ್ದು. 'ಇದು ಸಾಲದು, ಪೂರ್ತಿ ಸಿವಿ (ಕರಿಕ್ಯುಲಮ್ ವಿಟೆ) ಕಳಿಸಿ' ಅಂತ ಉತ್ತರ ಬಂತು. ಜಾಹೀರಾತಿನಲ್ಲಿ ಅವರೇ ಬರೆದಿದ್ದು ರೆಸ್ಯೂಮೆ ಅಂತ! ಹೊಟ್ಟೆ ಉರಿಯುವುದಿಲ್ವಾ?

ಫ್ರೆಂಚಿನಲ್ಲಿ ರೆಸ್ಯೂಮೆ ಅನ್ನುವ ಪದಕ್ಕೆ ಸಾರಾಂಶ ಅಂತ ಅರ್ಥ. ಕಥೆಯದ್ದೋ, ವರದಿಯದ್ದೋ ಸಾರಾಂಶ. ಕೆಲಸ ಕೇಳಲು ಫ್ರಾನ್ಸಿನವರು ಕಳಿಸುವುದು ಸಿವಿ. ಬ್ರಿಟನ್ನಿನಲ್ಲೂ ಸಿವಿ, ಅದು ಸಾಮಾನ್ಯವಾಗಿ 2 ಪುಟ. ಅಮೆರಿಕದಲ್ಲಾದರೆ ಕೆಲಸಕ್ಕೆ ಕೇಳುವುದು ರೆಸ್ಯೂಮೆ. ಅಲ್ಲಿ ಸಿವಿ ಅಂದರೆ ಪ್ರಾಧ್ಯಾಪಕರು, ಸಂಶೋಧಕರು ತಮ್ಮ ಲೇಖನಗಳನ್ನೆಲ್ಲ ಪಟ್ಟಿ ಮಾಡುವ ಉದ್ದನೆಯ ದಾಖಲೆ. ಒಂದು ಪುಟ ಕಳಿಸಬೇಕೋ, ಹತ್ತು ಪುಟವೋ, ಹೇಗೆ ಗೊತ್ತಾಗಬೇಕು?

ಇನ್ನೊಂದು ಕಾಟ. ಇಂಗ್ಲಿಷಿನಲ್ಲಿ ರೆಸ್ಯೂಮೆ (résumé) ಬರೆಯುವಾಗ e ಅಕ್ಷರದ ಮೇಲಿನ ಗೆರೆ ಬಿಟ್ಟರೆ ಅದೇ ಪದವನ್ನು 'ರಿಸ್ಯೂಮ್' ಅಂತಲೂ ಓದಬಹುದು, ಅಂದರೆ ನಿಲ್ಲಿಸಿದ್ದನ್ನು ಮುಂದುವರಿಸು. ಮೊನ್ನೆ ಆನ್‌ಲೈನ್ ಅರ್ಜಿ ತುಂಬುವಾಗ ಆ ಪದ ಬರೆದ ಬಟನ್ ಕಂಡಿತು. ಫೈಲ್ ಹಾಕುವ ಜಾಗ ಇರಬೇಕು ಅಂತ ಒತ್ತಿದೆ. ಯಾವತ್ತೋ ಅರ್ಧಕ್ಕೆ ಬಿಟ್ಟಿದ್ದ ಹಳೇ ಅರ್ಜಿ ತೆರೆದುಕೊಂಡಿತು. ಹೊಸದಾಗಿ ತುಂಬಿದ್ದೆಲ್ಲ ಹೋಯಿತು!

ಎಷ್ಟು ಪುಟ, ಏನೇನು ಇರಬೇಕು ಅಂತ ಜಾಹೀರಾತಿನಲ್ಲೇ ಒಂದು ಸಾಲು ಬರೆಯಿರಿ ಸ್ವಾಮಿ. ಕೆಲಸ ಹುಡುಕುವವರಿಗೆ ಮೊದಲೇ ತಲೆಬಿಸಿ ಜಾಸ್ತಿ.