ಬೇತಾಳನ ಪ್ರಶ್ನೆಯಿಂದಲೇ ಶುರು
ಚಿಕ್ಕಂದಿನ ಓದೇ ಮುಂದೆ ಕತೆ ಬರೆಯಲು ಹಚ್ಚುತ್ತದೆ ಎನ್ನುತ್ತಾರೆ. ನನ್ನ ಮಟ್ಟಿಗಂತೂ ನೂರಕ್ಕೆ ನೂರು ನಿಜ. 1947ರಲ್ಲಿ ತೆಲುಗು, ತಮಿಳಿನಲ್ಲಿ ಶುರುವಾಗಿ ಆಮೇಲೆ ಕನ್ನಡಕ್ಕೂ ಬಂದ ಮಕ್ಕಳ ಮಾಸಪತ್ರಿಕೆ ‘ಚಂದಮಾಮ’ವೇ ನನ್ನ ಮೊದಲ ಮೇಷ್ಟ್ರು. ಅದರಲ್ಲೂ ಬೇತಾಳ ಕತೆಗಳು! ಹೆಗಲ ಮೇಲೆ ಶವ, ಕೈಯಲ್ಲಿ ಕತ್ತಿ ಹಿಡಿದ ರಾಜ. ಶಂಕರ್ ಅವರು ಬರೆದ ಆ ಚಿತ್ರವನ್ನು ಮರೆಯಲು ಆಗುತ್ತದಾ ಹೇಳಿ? ಕೊನೆಗೆ ಬೇತಾಳ ಪ್ರಶ್ನೆ ಕೇಳುತ್ತಿತ್ತಲ್ವಾ, ಅಲ್ಲಿಗೆ ಪುಸ್ತಕ ಮುಚ್ಚಿ ನಾನೂ ಅಕ್ಕನೂ ನಮ್ಮದೇ ಉತ್ತರ ಹೇಳುತ್ತಿದ್ದೆವು. ರಾಜನ ಉತ್ತರ ಎಷ್ಟೋ ಸಲ ನಮಗೆ ಒಪ್ಪಿಗೆಯಾಗುತ್ತಿರಲಿಲ್ಲ. ಆಗ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಕತೆಯ ಕೊನೆಯನ್ನೇ ಬದಲಿಸಿ ಬರೆಯುತ್ತಿದ್ದೆ. ನಾನು ಕತೆ ಬರೆಯಲು ಕಲಿತದ್ದೇ ಹಾಗೆ. ಈಗಿನ ಮಕ್ಕಳಿಗೂ ಸುಮ್ನೆ ನೀತಿ ಹೇಳುವ ಕತೆಗಳಿಗಿಂತ, ಹೀಗೆ ವಾದಕ್ಕೆ ಎಳೆಯುವ ಕತೆಗಳೇ ಜಾಸ್ತಿ ಸಿಗಬೇಕು.