ಬ್ರೌಸರಿಗೂ ಅಪ್ಪಣೆ

ಕಚೇರಿಯ ಕಂಪ್ಯೂಟರಿನಲ್ಲಿ ಯಾವ ಬ್ರೌಸರ್ ಇರಬೇಕೆಂದು ತೀರ್ಮಾನಿಸುವವರು ಯಾರು ಎಂದು ಕೇಳಿದರೆ ಎಲ್ಲರೂ ಐಟಿ ವಿಭಾಗದ ಕಡೆಗೆ ಕೈ ತೋರಿಸುತ್ತಾರೆ. ಪಾಪ, ಆ ವಿಭಾಗದವರೂ ನಮ್ಮಂತೆಯೇ ಹುಕುಂ ಪಾಲಿಸುವವರು. ನಿಜವಾದ ಯಜಮಾನಿಕೆ ಇರುವುದು, ಎಷ್ಟೋ ವರ್ಷಗಳ ಹಿಂದೆ ಯಾರೋ ಬರೆದುಕೊಟ್ಟು ಹೋದ, ಈಗ ಮುಟ್ಟುವುದಕ್ಕೆ ಯಾರಿಗೂ ಧೈರ್ಯವಿಲ್ಲದ ಒಂದು ಹಳೆಯ ಸಾಫ್ಟ್‌ವೇರಿನ ಕೈಯಲ್ಲಿ. ರಜೆಯ ಅರ್ಜಿ, ಪ್ರಯಾಣ ಭತ್ಯೆಯ ಬಿಲ್ಲು, ಸಂಬಳದ ಚೀಟಿ ಎಲ್ಲವೂ ಅದರ ಮೂಲಕವೇ ಹಾಯಬೇಕು. ಅಜ್ಜನಿಗೆ ಹಲ್ಲಿಲ್ಲವೆಂದು ಮನೆಮಂದಿಯೆಲ್ಲ ಮೆದು ಅನ್ನ ಉಣ್ಣುವಂತೆ, ಅದಕ್ಕೆ ಒಗ್ಗುವ ಬ್ರೌಸರಿಗೆ ಇಡೀ ಕಚೇರಿ ಒಗ್ಗಿಕೊಳ್ಳಬೇಕು.

2001ರಲ್ಲಿ ಬಂದ ಮೈಕ್ರೋಸಾಫ್ಟಿನ ಬ್ರೌಸರ್ ಇಂಟರ್ನೆಟ್ ಎಕ್ಸ್‌ಪ್ಲೋರರ್ 6 ಇದಕ್ಕೆ ಒಳ್ಳೆಯ ಉದಾಹರಣೆ. ವಿಂಡೋಸ್ ಎಕ್ಸ್‌ಪಿಯ ಜೊತೆಗೇ ಅದು ಬರುತ್ತಿದ್ದುದರಿಂದ, ಕಂಪನಿಗಳು ತಮ್ಮ ಒಳಬಳಕೆಯ ತಾಣಗಳನ್ನು ಅದಕ್ಕೆಂದೇ, ಪುಟದೊಳಗೆ ಕಿರು ಪ್ರೋಗ್ರಾಂಗಳನ್ನು ನಡೆಸುವ ಅದರ ಆಕ್ಟಿವ್‌ಎಕ್ಸ್ ಸೌಕರ್ಯವನ್ನೇ ನೆಚ್ಚಿಕೊಂಡು ಕಟ್ಟಿಸಿದವು. 2004ರಲ್ಲಿ ಫೈರ್‌ಫಾಕ್ಸ್, 2008ರಲ್ಲಿ ಕ್ರೋಮ್ ಬಂದರೂ ಕಚೇರಿಗಳು ಅಲುಗಲಿಲ್ಲ. 2010ರ ಜನವರಿಯಲ್ಲಿ, ಎಕ್ಸ್‌ಪ್ಲೋರರಿನ ದೋಷವೊಂದನ್ನು ಹಿಡಿದು ಗೂಗಲ್ ಮೊದಲಾದ ಕಂಪನಿಗಳೊಳಕ್ಕೆ ಕನ್ನ ಹಾಕಲಾಗಿದೆಯೆಂದು ತಿಳಿದಾಗ, ಜರ್ಮನಿ ಮತ್ತು ಫ್ರಾನ್ಸಿನ ಭದ್ರತಾ ಸಂಸ್ಥೆಗಳು ಸದ್ಯಕ್ಕೆ ಅದರ ಸಹವಾಸ ಬೇಡವೆಂದು ತಮ್ಮ ಜನರಿಗೆ ಹೇಳಿದವು. ಅದೇ ವರ್ಷ ಬ್ರಿಟನ್ ಸರ್ಕಾರ ಮಾತ್ರ, ಹೊಸದಕ್ಕೆ ಹೋದರೆ ಎಲ್ಲ ತಂತ್ರಾಂಶಗಳನ್ನೂ ಮತ್ತೆ ಪರೀಕ್ಷಿಸಬೇಕಾಗುತ್ತದೆ, ಅದರ ಖರ್ಚು ತೆರಿಗೆದಾರರ ಮೇಲೆ ಬೀಳುತ್ತದೆ ಎಂದು, ಆ ಹಳೆಯ ಬ್ರೌಸರನ್ನು ಬಿಡಿರೆಂದು ಕೇಳಿದ ಅರ್ಜಿದಾರರಿಗೆ ಉತ್ತರ ಕೊಟ್ಟು ಸುಮ್ಮನಾಯಿತು.

ನಮ್ಮಲ್ಲಿ ಈ ಕಷ್ಟದ ರುಚಿ ಚೆನ್ನಾಗಿ ಗೊತ್ತಿರುವುದು ಟೆಂಡರ್ ಹಾಕುವವರಿಗೆ. ಯುಎಸ್‌ಬಿ ಟೋಕನ್ನಿನಲ್ಲಿರುವ ಡಿಜಿಟಲ್ ಸಹಿಯನ್ನು ಓದಿಕೊಳ್ಳಲು ಹಲವು ಪೋರ್ಟಲ್‌ಗಳು ಜಾವಾ ಆ್ಯಪ್ಲೆಟ್ ಎಂಬ, ಬ್ರೌಸರಿನೊಳಗೇ ನಡೆಯುವ ಕಿರು ಪ್ರೋಗ್ರಾಂ ಬಳಸುತ್ತಿದ್ದವು. ಆ್ಯಪ್ಲೆಟ್ ನಡೆಸುವ ಹಳೆಯ ವ್ಯವಸ್ಥೆಯನ್ನು ಕ್ರೋಮ್ 2015ರಲ್ಲಿ, ಫೈರ್‌ಫಾಕ್ಸ್ 2017ರಲ್ಲಿ ಕೈಬಿಟ್ಟ ಮೇಲೆ ಗುತ್ತಿಗೆದಾರರ ಕಚೇರಿಯ ಮೂಲೆಯಲ್ಲಿದ್ದ ಹಳೆಯ ಕಂಪ್ಯೂಟರಿಗೆ ಎಲ್ಲಿಲ್ಲದ ಮರ್ಯಾದೆ ಬಂದುಬಿಟ್ಟಿತು. ಮಾನಿಟರಿನ ಅಂಚಿಗೆ ಸೆಲ್ಲೋಟೇಪಿನಲ್ಲಿ ಅಂಟಿಸಿದ ‘ದಯವಿಟ್ಟು ಅಪ್‌ಡೇಟ್ ಮಾಡಬೇಡಿ’ ಎಂಬ ಚೀಟಿ. ಟೋಕನ್ ಚುಚ್ಚಿ, ಜಾವಾ ಕೇಳುವ ಮೂರು ಪ್ರಶ್ನೆಗಳಿಗೂ ಹೂಂ ಎಂದು ಒತ್ತಿ, ಕೊನೆಯ ಗಳಿಗೆಯಲ್ಲಿ ಉಸಿರು ಬಿಗಿಹಿಡಿದು ಕೂರುವ ಗುಮಾಸ್ತ. ಅಪ್‌ಡೇಟ್ ಮಾಡಿಕೊಳ್ಳಿರೆಂದು ಲೋಕವೆಲ್ಲ ಬುದ್ಧಿ ಹೇಳುತ್ತಿದ್ದ ಕಾಲದಲ್ಲಿ ಅವನ ಅನ್ನ ಅಪ್‌ಡೇಟ್ ಆಗದ ಯಂತ್ರದಲ್ಲಿತ್ತು.

ಈಗಿನ ನಿರ್ಬಂಧಗಳಿಗೆ ಕಾರಣವೇ ಇಲ್ಲವೆನ್ನಲಾರೆ. ಬ್ರೌಸರಿಗೆ ನಾವು ಸೇರಿಸಿಕೊಳ್ಳುವ ಒಂದು ಪುಟ್ಟ ಎಕ್ಸ್‌ಟೆನ್ಷನ್, ನಾವು ಕೊಟ್ಟ ಅನುಮತಿಯ ಬಲದಿಂದಲೇ, ತೆರೆದ ಪುಟಗಳನ್ನೆಲ್ಲ ಓದಬಲ್ಲದು. ಸಾವಿರಾರು ಯಂತ್ರಗಳಲ್ಲಿ ಒಂದೇ ಬ್ರೌಸರ್ ಇದ್ದರೆ ದೋಷ ಕಂಡ ದಿನವೇ ತೇಪೆ ಹಾಕುವುದು ಸುಲಭ. ಕ್ರೋಮನ್ನು ಅಡ್ಮಿನ್ ಪಾಸ್‌ವರ್ಡ್ ಇಲ್ಲದೆಯೇ ಸ್ವಂತ ಫೋಲ್ಡರಿನಲ್ಲಿ ಕೂರಿಸಿಕೊಳ್ಳಬಹುದೆಂಬ ಗುಟ್ಟು ಒಂದು ಕಾಲಕ್ಕೆ ಕಿವಿಯಿಂದ ಕಿವಿಗೆ ಹಬ್ಬಿದ್ದರಿಂದ ಬಿಗಿ ಇನ್ನಷ್ಟು ಹೆಚ್ಚಿರಬೇಕು. ಈಗ ಮೂರು ಚುಕ್ಕೆಯ ಮೆನು ತೆರೆದರೆ, ಈ ಬ್ರೌಸರನ್ನು ನಿಮ್ಮ ಸಂಸ್ಥೆ ನಿರ್ವಹಿಸುತ್ತಿದೆ ಎಂಬ ಸಾಲು ತಣ್ಣಗೆ ಕೂತಿರುತ್ತದೆ. ನೋಡಿದ ಪುಟಗಳ ಪಟ್ಟಿ ಉಳಿಸದ ಇನ್‌ಕಾಗ್ನಿಟೊ ಇಲ್ಲ, ಮುಖಪುಟ ಬದಲಿಸುವಂತಿಲ್ಲ. ಗೂಗಲ್ಲಿನ ಕ್ರೋಮೋ ಮೈಕ್ರೋಸಾಫ್ಟಿನ ಎಡ್ಜೋ ಎಂದು ಊಟದ ಹೊತ್ತಿನಲ್ಲಿ ಜಗಳವಾಡುವವರನ್ನು ಕಂಡರೆ ಮಾತ್ರ ನನಗೆ ನಗು ಬರುತ್ತದೆ, ಏಕೆಂದರೆ 2020ರಿಂದ ಎರಡರ ಒಳಗೂ ಇರುವುದು ಕ್ರೋಮಿಯಂ ಎಂಬ ಒಂದೇ ತಿರುಳು. ಫೈರ್‌ಫಾಕ್ಸ್ ಕೇಳುವವರದ್ದೇ ಬೇರೆ ಪಂಗಡ, ನಾನೂ ಅದಕ್ಕೆ ಸೇರಿದವನು.

ಇಂಟರ್ನೆಟ್ ಎಕ್ಸ್‌ಪ್ಲೋರರನ್ನು ಮೈಕ್ರೋಸಾಫ್ಟ್ 2022ರ ಜೂನ್ 15ರಂದು ನಿವೃತ್ತಿಗೊಳಿಸಿತು. ಆದರೂ ಎಡ್ಜ್‌ನೊಳಗೆ ಅದರ ಹೆಸರಿನದೇ ಒಂದು ಮೋಡ್ ಇದೆ. ಹಳೆಯ ತಾಣಗಳಿಗೆ ತೊಂದರೆಯಾಗದಿರಲೆಂದು ಅದನ್ನು ಕನಿಷ್ಠ 2029ರವರೆಗೆ ನಡೆಸುವುದಾಗಿ ಕಂಪನಿ ಹೇಳಿದೆ. ನಮ್ಮ ರಜೆಯ ಅರ್ಜಿ ಈಗಲೂ ತೆರೆದುಕೊಳ್ಳುವುದು ಅಲ್ಲಿಯೇ. ಫೈರ್‌ಫಾಕ್ಸ್ ಬೇಕೆಂದು ನಾನು ತುಂಬಿಕೊಟ್ಟ ನಮೂನೆಯಲ್ಲಿ ಕಾರಣಕ್ಕೆಂದು ಬಿಟ್ಟಿದ್ದ ಜಾಗದಲ್ಲಿ ‘ಬಹಳ ವರ್ಷಗಳ ಅಭ್ಯಾಸ’ ಎಂದು ಬರೆದಿದ್ದೆ. ಅಭ್ಯಾಸವು ಸಮರ್ಪಕ ಕಾರಣವಲ್ಲ ಎಂಬ ಷರಾದೊಂದಿಗೆ ಅದು ಮರುದಿನವೇ ವಾಪಸಾಯಿತು.