ನಾಲ್ಕು ಬಿಲ್, ಒಂದೇ ಫಿಲ್ಟರ್

ನನ್ನ ಕಾರಿನ ಹಳೆಯ ಆಯಿಲ್ ಫಿಲ್ಟರ್ ಈಗ ಮನೆಯ ಮೇಜಿನ ಮೇಲಿದೆ. ಅದರ ಡಬ್ಬಿಯ ಮೇಲೆ ಮೊಳೆಯಿಂದ ಗೀಚಿದ ಅಕ್ಷರಗಳಿವೆ: 'ಮೇ 2020'. ಗೀಚಿದವನು ನಾನೇ. ಲಾಕ್‌ಡೌನ್ ಕಾಲದಲ್ಲಿ ಸರ್ವಿಸ್ ಸೆಂಟರ್ ಬಾಗಿಲು ಹಾಕಿದ್ದಾಗ ಎಣ್ಣೆಯನ್ನೂ ಫಿಲ್ಟರನ್ನೂ ಮನೆಯ ಮುಂದೆಯೇ ಬದಲಿಸಿ, ಮರೆಯದಿರಲೆಂದು ತಿಂಗಳು ಗುರುತು ಹಾಕಿದ್ದೆ. ಅದಾದ ಮೇಲೆ ನಾಲ್ಕು ಸರ್ವಿಸ್ ಆಗಿವೆ. ನಾಲ್ಕು ಬಿಲ್‌ಗಳಲ್ಲೂ ಹೊಸ ಫಿಲ್ಟರಿನ ಬೆಲೆ ಹಾಕಿದ್ದಾರೆ. ನಾಲ್ಕಕ್ಕೂ ಹಣ ಕೊಟ್ಟಿದ್ದೇನೆ.

ಇದು ಗೊತ್ತಾಗಿದ್ದೇ ಟೈಮಿಂಗ್ ಚೈನ್, ಅಂದರೆ ಎಂಜಿನ್ನಿನ ಪಿಸ್ಟನ್‌ಗಳ ಓಟಕ್ಕೆ ವಾಲ್ವುಗಳನ್ನು ಹೊಂದಿಸುವ ಸರಪಳಿ, ಕೈಕೊಟ್ಟಿದ್ದರಿಂದ. ಒಂದು ವರ್ಷದಿಂದ ಬೆಳಿಗ್ಗೆ ಗಾಡಿ ಸ್ಟಾರ್ಟ್ ಮಾಡಿದೊಡನೆ ಎರಡು ಮೂರು ಸೆಕೆಂಡು ಡಬ್ಬಿಯೊಳಗೆ ಕಲ್ಲು ಅಲ್ಲಾಡಿಸಿದಂತೆ ಸದ್ದು ಬರುತ್ತಿತ್ತು. ಮೂರು ಸಲ ಸರ್ವಿಸ್ ಸೆಂಟರಿಗೆ ಒಯ್ದೆ. ಒಯ್ಯುವಷ್ಟರಲ್ಲಿ ಎಂಜಿನ್ ಬಿಸಿಯಾಗಿ ಸದ್ದು ಅಡಗಿರುತ್ತಿತ್ತು. "ಸರ್, ನಿಮ್ಮದು ಬೆಲ್ಟ್ ಅಲ್ಲ, ಚೈನ್. ಅದಕ್ಕೆ ಏನೂ ಆಗುವುದಿಲ್ಲ" ಎಂದು ಮೂರೂ ಸಲ ಹೇಳಿ ಕಳಿಸಿದರು. ಒಂದು ರಾತ್ರಿ ಗಾಡಿಯನ್ನು ಅಲ್ಲೇ ಇಟ್ಟುಕೊಂಡು ಬೆಳಿಗ್ಗೆ ಸ್ಟಾರ್ಟ್ ಮಾಡಿ ಕೇಳಿ ಎಂದು ಅಂಗಲಾಚಿದೆ. ಯಾರೂ ಕಿವಿಗೊಡಲಿಲ್ಲ. ಕೊನೆಗೆ ಗಾಡಿ ಎಳೆಯದಂತಾಗಿ ಎಂಜಿನ್ ದೀಪ ಹತ್ತಿಕೊಂಡಾಗ, ಅದೇ ಜನ ಯಾವ ಅಳುಕೂ ಇಲ್ಲದೆ 38,000 ರೂಪಾಯಿಯ ಅಂದಾಜು ಪಟ್ಟಿ ಕೈಗಿಟ್ಟರು.

ಅಷ್ಟು ಹಣ ನನ್ನಲ್ಲಿರಲಿಲ್ಲ. ಕೌಲ್ ಬಜಾರಿನಲ್ಲಿ ನಲವತ್ತು ವರ್ಷ ಗ್ಯಾರೇಜ್ ನಡೆಸಿ ಈಗ ಮನೆಯಲ್ಲಿರುವ ಚಾಚಾಗೆ ಸದ್ದನ್ನು ಫೋನಿನಲ್ಲೇ ಕೇಳಿಸಿದೆ. "ಚೈನ್ ಸಡಿಲವಾಗಿದೆ ಬೇಟಾ, ಇನ್ನು ಓಡಿಸಬೇಡ. ಹಲ್ಲು ತಪ್ಪಿದರೆ ಪಿಸ್ಟನ್ ಹೋಗಿ ವಾಲ್ವಿಗೆ ಬಡಿಯುತ್ತದೆ" ಎಂದರು. ಬೆಂಗಳೂರಿನಿಂದ ಹೊಸ ಚೈನಿನ ಕಿಟ್ ತರಿಸಿದೆ. ಚಾಚಾ ಕುರ್ಚಿ ಹಾಕಿಕೊಂಡು ಕುಳಿತು ಹೇಳುತ್ತಾ ಹೋದರು, ನಾನೂ ನನ್ನ ಭಾವಮೈದುನನೂ ಬಿಚ್ಚುತ್ತಾ ಹೋದೆವು. ಬಳ್ಳಾರಿಯ ಮೇ ತಿಂಗಳು. ಹತ್ತು ಗಂಟೆಯ ಮೇಲೆ ಬಿಸಿಲಲ್ಲಿ ಬಿದ್ದ ಸ್ಪ್ಯಾನರನ್ನು ಬರಿಗೈಯಲ್ಲಿ ಮುಟ್ಟಲಾಗದು. ಹಾಗಾಗಿ ಮೂರು ಭಾನುವಾರ ಬೆಳಿಗ್ಗೆ ಐದಕ್ಕೇ ಎದ್ದು ಕೆಲಸ ಮಾಡಿದೆವು.

ಎಣ್ಣೆ ಇಳಿಸಿ ಫಿಲ್ಟರ್ ಬಿಚ್ಚಿ ಒರೆಸಿದಾಗ ನನ್ನ ಅಕ್ಷರ ಕಂಡಿತು. ಮೊದಲು ನನ್ನ ಕಣ್ಣನ್ನೇ ನಂಬಲಿಲ್ಲ. ಬಿಲ್ ಕಡತ ತಂದು ಒಂದೊಂದಾಗಿ ನೋಡಿದೆ. 2021, 2022, 2023, 2024. ನಾಲ್ಕರಲ್ಲೂ ಇದೆ. ಚಾಚಾ ಫಿಲ್ಟರನ್ನು ಕೈಯಲ್ಲಿ ತಿರುಗಿಸಿ ನೋಡಿದರು, ಬಹಳ ಹೊತ್ತು ಮಾತಾಡಲಿಲ್ಲ.

ಎಂಜಿನ್ನಿನ ಮುಂಭಾಗದ ಕವರ್ ತೆಗೆದ ಮೇಲೆ ಹೊಟ್ಟೆ ಉರಿಯಿತು. ಒಳಗೆಲ್ಲ ಡಾಂಬರಿನಂಥ ಕಪ್ಪು ಮಡ್ಡಿ. ಚೈನನ್ನು ಬಿಗಿಯಾಗಿ ಹಿಡಿಯುವ ಟೆನ್ಷನರ್ ಕೆಲಸ ಮಾಡುವುದು ಎಣ್ಣೆಯ ಒತ್ತಡದಿಂದ. ಅದರ ಸಣ್ಣ ರಂಧ್ರದಲ್ಲೇ ಮಡ್ಡಿ ಕಟ್ಟಿಕೊಂಡರೆ ಅದು ಏನನ್ನು ಹಿಡಿದೀತು? ಚೈನ್ ಉಜ್ಜಿ ಉಜ್ಜಿ, ಅದು ಜಾರುವ ಗೈಡಿನ ಪ್ಲಾಸ್ಟಿಕ್‌ನಲ್ಲಿ ಕಾಲುವೆ ಬಿದ್ದಿತ್ತು. ಹಳೆಯ ಚೈನನ್ನೂ ಹೊಸದನ್ನೂ ಪಕ್ಕಪಕ್ಕ ಇಳಿಬಿಟ್ಟು ಹಿಡಿದಾಗ ಹಳೆಯದು ಎದ್ದು ಕಾಣುವಷ್ಟು ಉದ್ದವಾಗಿತ್ತು. ಕೊಂಡಿಗಳ ಪಿನ್ನು ಕೂದಲೆಳೆಯಷ್ಟು ಸವೆದರೂ ಎಲ್ಲ ಕೊಂಡಿಗಳದೂ ಸೇರಿ ಅಷ್ಟಾಗುತ್ತದೆ. ಫಿಲ್ಟರ್ ಕಟ್ಟಿಕೊಂಡರೆ ಅದರ ಬೈಪಾಸ್, ಅಂದರೆ ಅಡ್ಡದಾರಿಯ ವಾಲ್ವು, ತೆರೆದುಕೊಂಡು ಸೋಸದ ಎಣ್ಣೆಯೇ ಎಂಜಿನ್ನಿನಲ್ಲಿ ಓಡುತ್ತದೆ. ನಾನು ದಿನವೂ ಹೋಗಿಬರುವುದು ತೋರಣಗಲ್ಲಿಗೆ, ಅದಿರಿನ ಲಾರಿಗಳ ಹಿಂದೆ, ಕೆಂಪು ಧೂಳಿನಲ್ಲಿ. ಈ ರಸ್ತೆಯಲ್ಲಿ ಓಡುವ ಗಾಡಿಗೆ ಫಿಲ್ಟರ್ ಹಾಕದೆ ಹಾಕಿದೆವೆಂದು ಬರೆಯಲು ಕೈಯಾದರೂ ಹೇಗೆ ಬಂತು!

ಜೋಡಣೆಯ ಕಥೆ ದೊಡ್ಡದಲ್ಲ. ಬಣ್ಣದ ಕೊಂಡಿಗಳನ್ನು ಸ್ಪ್ರಾಕೆಟ್ಟಿನ ಗುರುತುಗಳಿಗೆ ಸರಿಹೊಂದಿಸಿ, ಟೆನ್ಷನರಿನ ಪಿನ್ನು ಎಳೆದು, ಸ್ಟಾರ್ಟ್ ಮಾಡುವ ಮೊದಲು ಪಿಸ್ಟನ್‌ಗಳು ತಿರುಗಿಸುವ ದಂಡವಾದ ಕ್ರ್ಯಾಂಕನ್ನು ಕೈಯಿಂದ ಎರಡು ಪೂರ್ತಿ ಸುತ್ತು ತಿರುಗಿಸಿ ನೋಡಿದೆವು. ಕ್ರ್ಯಾಂಕ್ ಎರಡು ಸುತ್ತು ಬಂದಾಗ ವಾಲ್ವುಗಳನ್ನು ತೆರೆಯುವ ಕ್ಯಾಮ್‌ಶಾಫ್ಟ್ ಒಂದು ಸುತ್ತು. ಗುರುತು ಕೂಡಿತು. ಮೂರನೆಯ ಭಾನುವಾರ ಸಂಜೆ ಸದ್ದಿಲ್ಲದೆ ಸ್ಟಾರ್ಟ್ ಆಯಿತು. ಚಾಚಾ ಹಣ ಮುಟ್ಟಲಿಲ್ಲ, ಚಹಾ ಮಾತ್ರ ಕುಡಿದು ಹೋದರು.

ಮರುದಿನ ಫಿಲ್ಟರನ್ನೂ ಬಿಲ್‌ಗಳನ್ನೂ ಹಿಡಿದು ಸರ್ವಿಸ್ ಸೆಂಟರಿಗೆ ಹೋದೆ. ಮ್ಯಾನೇಜರು ಗೀಚಿದ್ದನ್ನು ನೋಡಿ, "ಇದನ್ನು ನೀವು ನಿನ್ನೆ ಗೀಚಿಲ್ಲ ಎನ್ನುವುದಕ್ಕೆ ಸಾಕ್ಷಿ ಏನು?" ಎಂದರು. ಗೀಚಿದ ಗೆರೆಯೊಳಗೆ ತುಕ್ಕು ಹಿಡಿದಿದೆ, ಕಣ್ಣಿಟ್ಟು ನೋಡಿ ಎಂದೆ. ನೋಡಲಿಲ್ಲ. ಎಂಟು ವರ್ಷ ಬೇರೆ ಕಡೆ ಕಾಲಿಡದೆ ಇವರಲ್ಲಿಗೇ ಬಂದವನು ನಾನು. ನನ್ನನ್ನೇ ಸುಳ್ಳುಗಾರ ಎಂದ ಆ ಮಾತು 38,000 ರೂಪಾಯಿಯ ಪಟ್ಟಿಗಿಂತ ಹೆಚ್ಚು ಚುಚ್ಚಿದೆ.

ನಾನು ಸುಮ್ಮನಿರುವುದಿಲ್ಲ. ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಬರೆದು ಮುಗಿಸಿದ್ದೇನೆ. 5 ಲಕ್ಷ ರೂಪಾಯಿಯೊಳಗಿನ ವ್ಯವಹಾರಕ್ಕೆ ಶುಲ್ಕವಿಲ್ಲ, ದೂರಿಗೆ ಕಾರಣ ಹುಟ್ಟಿದ ಎರಡು ವರ್ಷದೊಳಗೆ ಸಲ್ಲಿಸಬೇಕು. ನಾಲ್ಕು ಬಿಲ್‌ಗಳ ನಕಲು, ತುಕ್ಕು ಹಿಡಿದ ಅಕ್ಷರಗಳ ಫೋಟೋ, ಮಡ್ಡಿ ಕಟ್ಟಿದ ಟೆನ್ಷನರಿನ ಫೋಟೋ ಜೊತೆಗಿವೆ. ಹೇಳಿಕೆ ಕೊಡಲು ಚಾಚಾ ಬರುತ್ತಾರೆ. ಸೋಮವಾರ ಸಲ್ಲಿಸುತ್ತೇನೆ.